ಸ್ಟೀಫನ್, ಡೇಮನ್: ಇದು ಎಲೀನಾಳ ಪ್ರೇಮಕಥೆಯೋ, ಅಣ್ಣತಮ್ಮಂದಿರ ಹಗೆಯ ಕಥೆಯೋ?

ನೀಲಿಕಲ್ಲು:

ಎಲ್ಲರಿಗೂ ನಮಸ್ಕಾರ. ‘ದಿ ವ್ಯಾಂಪೈರ್ ಡೈರೀಸ್’ ಕಾದಂಬರಿಗಳ ಕಥೆಯನ್ನು ಕೊನೆಯವರೆಗೂ ಬಿಚ್ಚಿ ಮಾತಾಡಲಿದ್ದೇನೆ. ಓದಬೇಕು ಅಂತ ಎತ್ತಿಟ್ಟುಕೊಂಡವರು ಓದಿ ಮುಗಿಸಿಯೇ ಬನ್ನಿ.

ಎಲ್. ಜೆ. ಸ್ಮಿತ್ ಅವರ ಈ ಸರಣಿ ಶುರುವಾಗಿದ್ದು 1991ರಲ್ಲಿ. ಹದಿಹರೆಯದವರಿಗೆ ಅಂತಲೇ ಬರೆದ ವ್ಯಾಂಪೈರ್ ಪ್ರೇಮಕಥೆ. ಅಮೆರಿಕದ ವರ್ಜೀನಿಯಾದಲ್ಲಿ ಫೆಲ್ಸ್ ಚರ್ಚ್ ಅನ್ನುವ ಕಲ್ಪನೆಯ ಊರು. ಅಲ್ಲಿನ ಹೈಸ್ಕೂಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹುಡುಗಿ ಎಲೀನಾ ಗಿಲ್ಬರ್ಟ್. ಆ ವರ್ಷ ಹೊಸದಾಗಿ ಬಂದು ಸೇರುವ ಹುಡುಗ ಸ್ಟೀಫನ್ ಸಾಲ್ವಟೋರ್. ಅವನ ಬೆನ್ನಿಗೇ ಬರುವ ಅಣ್ಣ ಡೇಮನ್. ಇಬ್ಬರೂ ವ್ಯಾಂಪೈರ್‌ಗಳು, ಇಬ್ಬರ ನಡುವೆ ಸುಮಾರು 500 ವರ್ಷದ ಹಗೆ.

ಈ ಪುಸ್ತಕದ ಹೆಸರೆತ್ತಿದರೆ ಸಾಕು, "ನೀವು ಸ್ಟೀಫನ್ ಕಡೆಯೋ, ಡೇಮನ್ ಕಡೆಯೋ" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆ ಹಿಡಿದುಕೊಂಡು ಓದಿದರೆ ಕಥೆಯ ಅರ್ಧ ಕೈತಪ್ಪಿ ಹೋಗುತ್ತದೆ ಅಂತ ನನ್ನ ಅನಿಸಿಕೆ. ಎಲೀನಾ ಯಾರನ್ನು ಒಪ್ಪುತ್ತಾಳೆ ಅನ್ನುವುದಕ್ಕಿಂತ ಈ ಇಬ್ಬರು ಮತ್ತೆ ಅಣ್ಣತಮ್ಮ ಆಗುತ್ತಾರಾ ಅನ್ನುವುದೇ ಇಲ್ಲಿ ದೊಡ್ಡದು.

ಹದಿನೈದನೇ ಶತಮಾನದ ಫ್ಲಾರೆನ್ಸ್ ಭಾಗ ನೆನಪಿಸಿಕೊಳ್ಳಿ. ಜರ್ಮನಿಯಿಂದ ಬಂದ ಕ್ಯಾಥರೀನ್ ಅನ್ನುವ ಹುಡುಗಿಯನ್ನು ಇಬ್ಬರೂ ಪ್ರೀತಿಸುತ್ತಾರೆ. ಅವಳು ವ್ಯಾಂಪೈರ್. ಒಬ್ಬನನ್ನು ಆರಿಸು ಅಂದರೆ ಅವಳು ಇಬ್ಬರಿಗೂ ತನ್ನ ರಕ್ತ ಕೊಡುತ್ತಾಳೆ. ಮೂವರೂ ಜೊತೆಗಿರೋಣ ಅನ್ನುತ್ತಾಳೆ. ಇವರು ಒಪ್ಪುವುದಿಲ್ಲ, ಮತ್ತೂ ಜಾಸ್ತಿ ಕಚ್ಚಾಡುತ್ತಾರೆ. ಕೊನೆಗೆ ತೋಟದಲ್ಲಿ ಅವಳ ಉಡುಪು, ಬೂದಿ, ಉಂಗುರ ಸಿಗುತ್ತವೆ. ತಾನೇ ಬಿಸಿಲಿಗೆ ಮೈಯೊಡ್ಡಿ ಸತ್ತಿದ್ದಾಳೆ ಅಂತ ಇಬ್ಬರೂ ನಂಬುತ್ತಾರೆ. ತಾನಿಲ್ಲದಿದ್ದರೆ ಇವರು ಒಂದಾಗುತ್ತಾರೆ ಅನ್ನುವುದು ಅವಳ ಆಸೆ. ಆದರೆ ಇವರು ಮಾಡುವುದೇನು? ನಿನ್ನಿಂದಲೇ ಸತ್ತಳು, ನಿನ್ನಿಂದಲೇ ಸತ್ತಳು ಅಂತ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಅವಳ ರಕ್ತ ಮೈಯಲ್ಲಿತ್ತು, ಹಾಗಾಗಿ ಗೋರಿಯೊಳಗೆ ವ್ಯಾಂಪೈರ್‌ಗಳಾಗಿ ಏಳುತ್ತಾರೆ.

ಕತ್ತಿ ಹಿರಿದಾಗ ಗೆದ್ದುಕೊಳ್ಳುವುದಕ್ಕೆ ಹುಡುಗಿಯೇ ಇರಲಿಲ್ಲ ಅಲ್ವಾ? ಆದರೂ ಜಗಳ ನಿಲ್ಲಲಿಲ್ಲ. ಹಾಗಾದರೆ ಆ ಜಗಳ ಯಾವುದಕ್ಕೆ? ನನಗೆ ಇಡೀ ಸರಣಿಯ ಬೀಗದಕೈ ಅಲ್ಲೇ ಕಾಣುತ್ತದೆ. ನಿಮಗೇನನಿಸುತ್ತದೆ?

ಪುಟಮಡಚಿ:

ಒಳ್ಳೆಯ ಚರ್ಚೆ ಎತ್ತಿದಿರಿ ನೀಲಿಕಲ್ಲು. ಆದರೆ ನಾನು ಒಪ್ಪುವುದಿಲ್ಲ. ಇದು ಎಲೀನಾಳ ಕಥೆ. ಸರಣಿಯ ಹೆಸರಲ್ಲೇ ಡೈರಿ ಇದೆ. ನಡುನಡುವೆ ಬರುವ ಡೈರಿಯ ಪುಟಗಳಲ್ಲಿ ಅವಳ ಮನಸ್ಸು ನೇರವಾಗಿ ಮಾತಾಡುತ್ತದೆ.

ಎಲೀನಾಳ ಸ್ವಭಾವ ನೋಡಿ. ಅಪ್ಪ ಅಮ್ಮ ಇಲ್ಲ. ಚಿಕ್ಕಮ್ಮ ಜೂಡಿತ್ ಜೊತೆ ಇದ್ದಾಳೆ, ನಾಲ್ಕು ವರ್ಷದ ತಂಗಿ ಮಾರ್ಗರೆಟ್ ಇದ್ದಾಳೆ. ಹೊರಗೆ ನೋಡಿದರೆ ಅವಳಿಗೆ ಇಲ್ಲದ್ದು ಒಂದೂ ಇಲ್ಲ. ಅವಳು ಅಂದುಕೊಂಡದ್ದು ನಡೆಯುತ್ತದೆ, ಯಾವ ಹುಡುಗನನ್ನು ನೋಡಿದರೂ ಅವನು ಹಿಂದೆ ಬರುತ್ತಾನೆ. ಸ್ಟೀಫನ್ ಮಾತ್ರ ಶಾಲೆಯ ಮೊದಲ ದಿನ ಅವಳನ್ನು ನೋಡಿಯೂ ನೋಡದಂತೆ ಮುಂದೆ ಹೋಗಿಬಿಡುತ್ತಾನೆ. ಆಮೇಲೆ ಅವಳು ಏನು ಮಾಡುತ್ತಾಳೆ? ಗೆಳತಿಯರಾದ ಬಾನಿ, ಮೆರಿಡಿತ್ ಇಬ್ಬರನ್ನೂ ಕತ್ತಲಲ್ಲಿ ಸ್ಮಶಾನಕ್ಕೆ ಕರೆದುಕೊಂಡು ಹೋಗಿ, ಅವನು ತನ್ನವನಾಗುವವರೆಗೂ ಸುಮ್ಮನಿರುವುದಿಲ್ಲ ಅಂತ ರಕ್ತದ ಆಣೆ ಮಾಡುತ್ತಾಳೆ!

ಹದಿಹರೆಯದ ಪ್ರೇಮಕಥೆಗಳಲ್ಲಿ ನಾಯಕಿ ಅಂದರೆ ಮೆತ್ತಗಿನ ಹುಡುಗಿ, ತನ್ನ ಚೆಲುವು ತನಗೇ ಗೊತ್ತಿಲ್ಲದವಳು. ಎಲೀನಾ ಹಾಗಲ್ಲ. ಹಟ ಇದೆ, ಜಂಬ ಇದೆ, ಬೇಕಾದ್ದನ್ನು ಕಿತ್ತುಕೊಳ್ಳುವ ಬುದ್ಧಿ ಇದೆ. ಅಂಥವಳು ಮೂರು ಪುಸ್ತಕದೊಳಗೆ ಬೇರೆಯವರಿಗಾಗಿ ಜೀವ ಕೊಡುವ ಮಟ್ಟಕ್ಕೆ ಬೆಳೆಯುತ್ತಾಳೆ. ಅಣ್ಣತಮ್ಮ ಇಬ್ಬರೂ 500 ವರ್ಷ ಬದುಕಿಯೂ ಅಷ್ಟು ಬದಲಾಗಿಲ್ಲ. ಬೆಳೆದವಳು ಯಾರೋ ಕಥೆ ಅವಳದ್ದು.

ಸಂಜೆಮಲ್ಲಿಗೆ:

ನಾನು ಟಿವಿ ಸರಣಿ ಮಾತ್ರ ನೋಡಿದವಳು. ಅಣ್ಣತಮ್ಮ ಫ್ಲಾರೆನ್ಸಿನವರಾ?! ಸ್ಮಶಾನದ ಆಣೆಯೂ ನನಗೆ ಹೊಸದು. ನಾನು ನೋಡಿದ ಎಲೀನಾ ಜಂಬದವಳೇ ಅಲ್ಲ. ಪುಸ್ತಕಕ್ಕೂ ಸರಣಿಗೂ ಅಷ್ಟು ವ್ಯತ್ಯಾಸ ಇದೆಯಾ?

ಹಳೇಬೈಂಡು:

ತುಂಬಾ ಇದೆ. 2009ರಲ್ಲಿ ಸರಣಿ ಶುರುವಾದಾಗ ಊರಿನ ಹೆಸರೇ ಬದಲಾಯಿತು, ಫೆಲ್ಸ್ ಚರ್ಚ್ ಹೋಗಿ ಮಿಸ್ಟಿಕ್ ಫಾಲ್ಸ್ ಆಯಿತು. ಅಣ್ಣತಮ್ಮಂದಿರ ಹಿಂದಿನ ಕಥೆ ಇಟಲಿಯಿಂದ 1864ರ ವರ್ಜೀನಿಯಾಕ್ಕೆ, ಅಂದರೆ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಬಂತು. ಪುಸ್ತಕದ ಎಲೀನಾಗೆ ಹೊಂಬಣ್ಣದ ಕೂದಲು, ಸರಣಿಯಲ್ಲಿ ಕಪ್ಪು ಛಾಯೆಯ ಕೂದಲಿನ ನೀನಾ ಡೊಬ್ರೆವ್. ಎಲೀನಾ, ಕ್ಯಾಥರೀನ್ ಎರಡೂ ಅವರೇ. ಪುಟ್ಟ ತಂಗಿ ಮಾರ್ಗರೆಟ್ ಬದಲು ಜೆರೆಮಿ ಅನ್ನುವ ತಮ್ಮ. ಮೆರಿಡಿತ್ ಅನ್ನುವ ಆಪ್ತ ಗೆಳತಿಯನ್ನು ತೆಗೆದೇಬಿಟ್ಟರು. ಪುಸ್ತಕದ ಬಾನಿಗೆ ಕೆಂಪು ಕೂದಲು, ತನ್ನ ವಂಶ ಡ್ರುಯಿಡ್‌ಗಳದ್ದು, ಅಂದರೆ ಪ್ರಾಚೀನ ಕೆಲ್ಟಿಕ್ ಪುರೋಹಿತರದ್ದು ಅನ್ನುತ್ತಾಳೆ. ಸರಣಿಯ ಬಾನಿ ಮಾಟಗಾತಿಯರ ಮನೆತನದವಳು.

ಸರಣಿ 8 ಸೀಸನ್, 171 ಕಂತು ನಡೆದು 2017ರಲ್ಲಿ ಮುಗಿಯಿತು. ಅಷ್ಟು ಉದ್ದ ಎಳೆಯುವಾಗ ಎಲೀನಾ ಒಮ್ಮೆ ಇವನ ಕಡೆ, ಒಮ್ಮೆ ಅವನ ಕಡೆ ವಾಲುವುದೇ ಕಥೆಯನ್ನು ನಡೆಸುವ ಶಕ್ತಿಯಾಯಿತು. "ಯಾರ ಕಡೆ" ಅನ್ನುವ ಪ್ರಶ್ನೆಗೆ ಬಲ ಬಂದಿದ್ದು ಮುಖ್ಯವಾಗಿ ಅಲ್ಲಿಂದ. 1991ರ ಪುಸ್ತಕಗಳು ಚಿಕ್ಕವು, ಓಟ ಜಾಸ್ತಿ. ಒಂದು ಪುಸ್ತಕ ಎಲ್ಲಿ ನಿಲ್ಲುತ್ತದೋ ಮುಂದಿನದು ಅಲ್ಲಿಂದಲೇ ಶುರು. ಸ್ಟೀಫನ್ ಕಾಣೆಯಾಗಿ, ಎಲೀನಾ ಒಬ್ಬಳೇ ಸ್ಮಶಾನಕ್ಕೆ ಹೋಗಿ ಡೇಮನ್‌ನ ಎದುರು ನಿಲ್ಲಲು ಹೊರಡುತ್ತಾಳೆ. ಮೊದಲ ಪುಸ್ತಕ ಅಲ್ಲಿಗೆ ಮುಗಿದೇ ಹೋಗುತ್ತದೆ. ಎರಡನೆಯದು ಕೈಯಲ್ಲಿ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಕಾಗೆರೆಕ್ಕೆ:

ಎಲ್ಲರೂ ಕಥೆ ಯಾರದು ಅಂತ ಮಾತಾಡುತ್ತಿದ್ದೀರಿ. ನಾನು ಡೇಮನ್ ಕಡೆ, ನೇರವಾಗಿ ಹೇಳುತ್ತೇನೆ.

ಸ್ಟೀಫನ್ ಒಳ್ಳೆಯವನು, ಪ್ರಾಣಿಗಳ ರಕ್ತ ಕುಡಿದು ಬದುಕುತ್ತಾನೆ, ಸರಿ. ಆದರೆ ಅವನ ಒಳ್ಳೆಯತನದ ಒಳಗೆ ಬರೀ ತನ್ನ ಬಗ್ಗೆ ಅಸಹ್ಯ ತುಂಬಿಕೊಂಡಿದೆ. ಎಲೀನಾಗೆ ತಾನೇನು ಅಂತ ಹೇಳದೆಯೇ ಅವಳನ್ನು ಹತ್ತಿರ ಬಿಟ್ಟುಕೊಳ್ಳುತ್ತಾನೆ. ಅವಳು ಕಳೆದುಕೊಂಡಿದ್ದ ರಿಬ್ಬನ್ ಒಂದನ್ನು ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿರುತ್ತಾನೆ. ಮೊದಮೊದಲು ಅವಳನ್ನು ಕಂಡರೆ ದೂರ ಸರಿಯುವುದೂ ಅವಳು ಕ್ಯಾಥರೀನಳನ್ನು ಹೋಲುತ್ತಾಳೆ ಅನ್ನುವ ಕಾರಣಕ್ಕೆ. ಆ ಹೊತ್ತಿನಲ್ಲಿ ಅವನು ನೋಡುತ್ತಿರುವುದು ಎಲೀನಾಳನ್ನಾ, ಸತ್ತವಳನ್ನಾ?

ಡೇಮನ್ ತಾನು ಏನು ಅನ್ನುವುದನ್ನು ಮುಚ್ಚಿಡುವುದಿಲ್ಲ. ಕಾಗೆಯಾಗಿ ಬರುತ್ತಾನೆ, ನೆರಳಿನಿಂದ ಮಾತಾಡುತ್ತಾನೆ, ನಿನ್ನೊಳಗೂ ಕತ್ತಲೆ ಇದೆ ಅಂತ ಎಲೀನಾಗೆ ಮುಖಕ್ಕೇ ಹೇಳುತ್ತಾನೆ. ಅವಳ ಹಟ, ಅವಳ ಜಂಬ ಎರಡನ್ನೂ ಗುರುತಿಸಿದವನು ಅವನು. ಪುಟಮಡಚಿ ಹೇಳಿದ ಆ ಎಲೀನಾಗೆ ಸರಿಸಾಟಿ ಡೇಮನ್ ಅಲ್ದೆ ಇನ್ಯಾರು?

ಪುಟಮಡಚಿ:

ಕಾಗೆರೆಕ್ಕೆ, ನಿಮ್ಮ ಮಾತಿನಲ್ಲಿ ಸ್ಟೀಫನ್ ಬಗ್ಗೆ ಹೇಳಿದ್ದು ಸರಿ. ಡೇಮನ್ ವಿಷಯಕ್ಕೆ ಮಾತ್ರ ನಾನು ಜಗಳ ಆಡಿಯೇ ಆಡುತ್ತೇನೆ.

ಎರಡನೇ ಪುಸ್ತಕ ‘ದಿ ಸ್ಟ್ರಗಲ್’ ಮತ್ತೆ ತೆಗೆಯಿರಿ. ಡೇಮನ್ ರಾತ್ರಿ ಎಲೀನಾಳ ಕೋಣೆಯಲ್ಲಿ ಬಂದು ನಿಲ್ಲುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಆಗ ಅವನು ಎತ್ತುವುದು ಮಾರ್ಗರೆಟ್‌ಳ ಹೆಸರು. ಪಕ್ಕದ ಕೋಣೆಯಲ್ಲಿ ನಾಲ್ಕು ವರ್ಷದ ಮಗು ಮಲಗಿದೆ. ನೀನು ಒಪ್ಪದಿದ್ದರೆ ಅವಳು ಅನ್ನುವ ಬೆದರಿಕೆ ಅದು. ಎಲೀನಾ ತಂಗಿಗಾಗಿ ಕತ್ತು ಒಡ್ಡುತ್ತಾಳೆ. ಇದಕ್ಕೆ ಪ್ರೀತಿ ಅನ್ನುವುದು ಹೇಗೆ? ಸೆಳೆತ ಅನ್ನುವುದಕ್ಕೂ ನನ್ನ ಬಾಯಿ ಬರುವುದಿಲ್ಲ. ಮಗುವನ್ನು ಅಡ್ಡ ಇಟ್ಟುಕೊಂಡು ಮಾಡಿದ ಬಲವಂತ.

ಲೇಖಕಿ ಇದನ್ನು ಮುಚ್ಚಿಟ್ಟಿಲ್ಲ, ಎಲೀನಾಳ ಭಯ ಪುಟದ ಮೇಲೆ ಹಾಗೇ ಇದೆ. ಆದರೆ ಡೇಮನ್ ಮಾತು ಎಷ್ಟು ಚೆಂದ ಅಂದರೆ ಓದುವವರು ಆ ದೃಶ್ಯವನ್ನು ಬೇಗ ಮರೆತುಬಿಡುತ್ತಾರೆ. ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಓದುವಾಗ "ನಿನ್ನನ್ನು ಅರ್ಥ ಮಾಡಿಕೊಂಡವನು ನಾನೊಬ್ಬನೇ" ಅನ್ನುವ ಧಾಟಿ ಬಹಳ ಸಿಹಿಯಾಗಿ ಕೇಳುತ್ತದೆ. ಹಾಗೆ ಹೇಳಿ ಹೇಳಿಯೇ ಒಬ್ಬಳನ್ನು ಅವಳ ಸ್ನೇಹಿತರಿಂದ ದೂರ ಮಾಡುವುದು.

ಓದುವಅಮ್ಮ:

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ನನ್ನ ಮಗಳು ಈ ಪುಸ್ತಕಗಳನ್ನು ಓದುತ್ತಿದ್ದಾಳೆ, ಅವಳ ಜೊತೆ ನಾನೂ ಓದುತ್ತಿದ್ದೇನೆ. ಬೇಡ ಅಂತ ಕಿತ್ತಿಟ್ಟುಕೊಳ್ಳುವ ಯೋಚನೆ ನನಗಿಲ್ಲ. ಮಾರ್ಗರೆಟ್ ದೃಶ್ಯ ಬಂದಾಗ "ಇಲ್ಲಿ ಎಲೀನಾ ಬೇಡ ಅಂದಿದ್ದರೆ ಏನಾಗುತ್ತಿತ್ತು?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅವಳಿಗೆ ಬೇಡ ಅನ್ನುವುದಕ್ಕೆ ಜಾಗವೇ ಇರಲಿಲ್ಲ" ಅಂದಳು. ನಾನು ಪಾಠ ಹೇಳಬೇಕಾಗಿ ಬರಲಿಲ್ಲ.

ಕೆಟ್ಟ ದಾರಿ ಹಿಡಿದವನನ್ನು ನನ್ನ ಪ್ರೀತಿಯೇ ಸರಿ ಮಾಡುತ್ತದೆ ಅನ್ನುವ ಕನಸು ಆ ವಯಸ್ಸಿಗೆ ಬಂದೇ ಬರುತ್ತದೆ. ಪುಸ್ತಕದಲ್ಲಿ ಅದನ್ನು ಎದುರಿಸಿ ಮಾತಾಡಿಬಿಟ್ಟರೆ ಒಳ್ಳೆಯದು ಅಂತ ನನ್ನ ನಂಬಿಕೆ. ಮೊದಲ ಪುಸ್ತಕದಲ್ಲೇ ಟೈಲರ್ ಅನ್ನುವ ಹುಡುಗ ಶಾಲೆಯ ಡ್ಯಾನ್ಸ್ ನಡೆದ ರಾತ್ರಿ ಎಲೀನಾಳ ಮೇಲೆ ಕೈ ಮಾಡುತ್ತಾನೆ. ಅವನು ವ್ಯಾಂಪೈರ್ ಅಲ್ಲ, ಅವಳ ಜೊತೆಗೇ ಓದುವವನು. ಮಗಳಿಗೆ ಡೇಮನ್‌ಗಿಂತ ಅವನೇ ಜಾಸ್ತಿ ಹೆದರಿಕೆ ಹುಟ್ಟಿಸಿದನಂತೆ.

ಮೂರುಸಂಜೆ:

ನೀಲಿಕಲ್ಲು ಅವರ ಮೊದಲ ಮಾತಿಗೆ ವಾಪಸ್ ಬರುತ್ತೇನೆ. ಅಣ್ಣತಮ್ಮ ಹೆಣ್ಣಿಗಾಗಿ ಒಬ್ಬರನ್ನೊಬ್ಬರು ಕೊಂದುಕೊಳ್ಳುವ ಕಥೆ ನಮಗೆ ಹೊಸದಲ್ಲ. ಸುಂದ, ಉಪಸುಂದ! ಮಹಾಭಾರತದ ಆದಿಪರ್ವದಲ್ಲಿ ನಾರದ ಪಾಂಡವರಿಗೆ ಹೇಳುವ ಕಥೆ. ಐವರಿಗೆ ಒಬ್ಬಳೇ ಹೆಂಡತಿ, ನಿಮ್ಮಲ್ಲಿ ಜಗಳ ಬರದಂತೆ ನೋಡಿಕೊಳ್ಳಿ ಅಂತ ಎಚ್ಚರಿಸುವುದಕ್ಕೆ ಹೇಳಿದ್ದು. ಆ ಇಬ್ಬರು ರಾಕ್ಷಸರು ಒಂದೇ ಜೀವ ಅನ್ನುವಂತೆ ಬದುಕಿದವರು. ಒಂದೇ ರಾಜ್ಯ, ಒಂದೇ ಮನೆ, ಒಂದೇ ಹಾಸಿಗೆ. ಪರಸ್ಪರ ಒಬ್ಬರಿಂದ ಇನ್ನೊಬ್ಬರಿಗಲ್ಲದೆ ಬೇರೆ ಯಾರಿಂದಲೂ ಸಾವಿಲ್ಲ. ಅವರನ್ನು ಮುಗಿಸುವುದಕ್ಕೆ ಅಂತಲೇ ಬ್ರಹ್ಮ ತಿಲೋತ್ತಮೆಯನ್ನು ಸೃಷ್ಟಿ ಮಾಡಿಸಿ ಕಳಿಸುತ್ತಾನೆ. ಒಬ್ಬ ಬಲಗೈ ಹಿಡಿದ, ಇನ್ನೊಬ್ಬ ಎಡಗೈ ಹಿಡಿದ. ಗದೆ ಎತ್ತಿಕೊಂಡರು, ಇಬ್ಬರೂ ಸತ್ತರು.

ಇದನ್ನು ಫ್ಲಾರೆನ್ಸಿನ ಕಥೆಯ ಪಕ್ಕ ಇಟ್ಟು ನೋಡಿ. ತಿಲೋತ್ತಮೆ ಬಂದಿದ್ದು ಒಡೆಯುವುದಕ್ಕೆ, ಒಡೆದಳು. ಕ್ಯಾಥರೀನ್ ಮರೆಯಾಗಿದ್ದು ಕೂಡಿಸುವುದಕ್ಕೆ, ಅಲ್ಲೂ ಒಡೆಯಿತು. ಸುಂದ ಉಪಸುಂದರ ನಡುವೆ ಮೊದಲು ಬಿರುಕೇ ಇರಲಿಲ್ಲ, ಹೆಣ್ಣು ಬಂದ ಮೇಲೆ ಬಂತು. ಸಾಲ್ವಟೋರ್‌ಗಳಲ್ಲಿ ಬಿರುಕು ಮೊದಲೇ ಇತ್ತು. ಅವಳು ಬಂದಳು ಅಂತ ಅದು ಕಾಣಿಸಿತು, ಅಷ್ಟೇ.

ನೀಲಿಕಲ್ಲು:

ಮೂರುಸಂಜೆ ಅವರೇ, ನಾನು ಹುಡುಕುತ್ತಿದ್ದದ್ದು ಇದೇ! "ಬಿರುಕು ಮೊದಲೇ ಇತ್ತು" ಅನ್ನುವುದರಲ್ಲಿ ಎಲ್ಲಾ ಇದೆ. ಡೇಮನ್ 500 ವರ್ಷ ಸ್ಟೀಫನ್ ಹಿಂದೆ ಸುತ್ತುತ್ತಾನೆ. ಅಷ್ಟು ಹಗೆ ಇದ್ದವನು ಭೂಮಿಯ ಇನ್ನೊಂದು ತುದಿಗೆ ಹೋಗಿ ನೆಮ್ಮದಿಯಾಗಿ ಇರಬಹುದಿತ್ತು. ಹೋಗುವುದಿಲ್ಲ. ತಮ್ಮ ಮನುಷ್ಯನಂತೆ ಬಾಳಬೇಕು ಅಂತ ಫೆಲ್ಸ್ ಚರ್ಚಿಗೆ ಬಂದರೆ ಅಲ್ಲಿಗೂ ಬರುತ್ತಾನೆ. ಮೊದಲ ಪುಸ್ತಕದ ಕೊನೆಗೆ ಅವನನ್ನು ಬಡಿದು ಕೆಡವುತ್ತಾನೆ. ಆದರೆ ಕೊಲ್ಲುವುದಿಲ್ಲ. ಕೊಲ್ಲುವ ಶಕ್ತಿ ಇಲ್ಲ ಅಂತಲ್ಲ. ಮನುಷ್ಯರ ರಕ್ತ ಕುಡಿಯುವ ಡೇಮನ್, ಪ್ರಾಣಿಗಳ ರಕ್ತದ ಮೇಲೆ ಬದುಕುವ ಸ್ಟೀಫನ್‌ಗಿಂತ ಎಷ್ಟೋ ಬಲಶಾಲಿ.

ಎಲೀನಾಳ ವಿಷಯದಲ್ಲೂ ಹಾಗೇ. ಅವಳು ಸ್ಟೀಫನ್‌ನವಳು ಅನ್ನುವುದಕ್ಕೇ ಡೇಮನ್‌ಗೆ ಮೊದಲು ಅವಳು ಬೇಕಾಗಿದ್ದು ಅಂತ ನನಗೆ ಅನಿಸುತ್ತದೆ. ಪುಟಮಡಚಿ ಹೇಳಿದ ಆ ರಾತ್ರಿಯ ಬಲವಂತದಲ್ಲೂ ಅವನ ಕಣ್ಣು ತಮ್ಮನ ಮೇಲೇ ಇದೆ. ಇದರಿಂದ ಅವನು ಮಾಡಿದ್ದು ಹಗುರವಾಗುವುದಿಲ್ಲ. ಇನ್ನೂ ಕೆಟ್ಟದಾಗಿ ಕಾಣುತ್ತದೆ. ಎಲೀನಾ ಅನ್ನುವ ಒಬ್ಬ ಮನುಷ್ಯಳನ್ನೇ ಅವನು ಅಲ್ಲಿ ನೋಡುತ್ತಿಲ್ಲ.

ಕಾಗೆರೆಕ್ಕೆ:

ಮಾರ್ಗರೆಟ್ ದೃಶ್ಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದನ್ನು ಸಮರ್ಥಿಸುವುದೂ ಇಲ್ಲ. ಆದರೂ ನಾನು ಅವನ ಕಡೆಯೇ, ಯಾಕೆಂದರೆ ಈ ಕಥೆಯಲ್ಲಿ ಬದಲಾಗಲು ಅತಿ ದೂರ ನಡೆಯಬೇಕಾದವನು ಅವನು. ನಾಲ್ಕನೇ ಪುಸ್ತಕದಲ್ಲಿ ಕ್ಲೌಸ್ ಅನ್ನುವ ಹಳೆಯ ವ್ಯಾಂಪೈರ್ ಎದುರು ತಮ್ಮನ ನೆರವಿಗೆ ಬರುವ ಡೇಮನ್‌ನನ್ನು ನೋಡಿದಾಗ ನನಗೆ ಗಂಟಲು ಕಟ್ಟಿತು. ಎಲೀನಾ ಅವನ ಪಕ್ಕ ನಿಲ್ಲುವುದಕ್ಕಿಂತ ನನಗೆ ಆ ಗಳಿಗೆ ಜಾಸ್ತಿ ಬೇಕಿತ್ತು ಅನಿಸುತ್ತದೆ.

ಬಿಸಿಲುಕೋಲು:

ಸ್ವಲ್ಪ ಪಕ್ಕದ ವಿಷಯ. ಇಬ್ಬರೂ ಹಗಲಲ್ಲಿ ಓಡಾಡುವುದು ಲಾಪಿಸ್ ಲಾಜುಲಿ ಅನ್ನುವ ನೀಲಿ ಕಲ್ಲಿನ ಉಂಗುರದಿಂದ. ವ್ಯಾಂಪೈರ್ ಬಿಸಿಲಿಗೆ ಸುಟ್ಟು ಸಾಯುತ್ತದೆ ಅನ್ನುವುದು ಬಹಳ ಹಳೆಯ ನಂಬಿಕೆ ಅಂದುಕೊಳ್ಳುತ್ತೇವೆ. ಆದರೆ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಕೌಂಟ್ ಡ್ರಾಕುಲಾ ಹಗಲಲ್ಲೇ ಓಡಾಡುತ್ತಾನೆ, ಅವನ ಶಕ್ತಿ ಕುಗ್ಗಿರುತ್ತದೆ ಅಷ್ಟೇ. ಬೆಳಗಿನ ಬೆಳಕಿಗೆ ವ್ಯಾಂಪೈರ್ ಅಳಿದುಹೋಗುವುದನ್ನು ಜನರ ಮನಸ್ಸಲ್ಲಿ ಕೂರಿಸಿದ್ದು 1922ರ ಮೂಕಿ ಚಿತ್ರ ‘ನೊಸ್ಫೆರಾಟು’.

ಆ ನೀಲಿಕಲ್ಲೂ ಕಥೆಯ ಕಾಲಕ್ಕೆ ಚೆನ್ನಾಗಿ ಹೊಂದುತ್ತದೆ. ಅದು ಸಾವಿರಾರು ವರ್ಷಗಳಿಂದ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ ಬರುತ್ತಿತ್ತು. ಹದಿನೈದನೇ ಶತಮಾನದ ಇಟಲಿಯಲ್ಲಿ ಅದನ್ನು ಪುಡಿ ಮಾಡಿ ಅಲ್ಟ್ರಾಮರೀನ್ ಅನ್ನುವ ನೀಲಿ ಬಣ್ಣ ತೆಗೆಯುತ್ತಿದ್ದರು. ತುಂಬಾ ದುಬಾರಿ, ಹಾಗಾಗಿ ಚಿತ್ರಗಳಲ್ಲಿ ಮೇರಿ ಮಾತೆಯ ನಿಲುವಂಗಿಯಂಥ ಮುಖ್ಯ ಜಾಗಕ್ಕೆ ಮೀಸಲು. ಆ ಕಾಲದ ಸಿರಿವಂತ ಮನೆಯ ಹುಡುಗರ ಬೆರಳಲ್ಲಿ ಆ ಕಲ್ಲು ಇರುವುದು ಸಹಜವಾಗಿ ಕೂರುತ್ತದೆ. ಇಬ್ಬರನ್ನೂ ಬದುಕಿಸುತ್ತಿರುವುದು ಕ್ಯಾಥರೀನ್ ಕೊಟ್ಟ ಒಂದೇ ಬಗೆಯ ಉಂಗುರ. ಅಷ್ಟು ದ್ವೇಷಿಸಿದರೂ ಅದನ್ನು ಬಿಚ್ಚಿಡುವಂತಿಲ್ಲ.

ಹೊಸಪೆನ್ನು:

ಇಷ್ಟೊತ್ತು ಬರೀ ಓದುತ್ತಿದ್ದೆ. ಒಂದು ಸಹಾಯ ಬೇಕು. ನಾನು ಇದೇ ಬಗೆಯ ಒಂದು ಕಥೆ ಬರೆಯುತ್ತಿದ್ದೇನೆ. ಇಬ್ಬರು ವ್ಯಾಂಪೈರ್ ಅಣ್ಣತಮ್ಮ, ಹದಿನೇಳರ ಹುಡುಗಿ. ಹುಡುಗಿಯ ಜೊತೆ ಒಬ್ಬೊಬ್ಬರ ದೃಶ್ಯ ಚೆನ್ನಾಗಿ ಬರುತ್ತದೆ. ಅಣ್ಣತಮ್ಮ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟರೆ ಮಾತು ಸತ್ತುಹೋಗುತ್ತದೆ. "ಅವಳಿಂದ ದೂರ ಇರು", "ಇರುವುದಿಲ್ಲ". ಇದಕ್ಕಿಂತ ಮುಂದೆ ಹೋಗುವುದಿಲ್ಲ.

ನೀಲಿಕಲ್ಲು:

ಹೊಸಪೆನ್ನು, ಅವರಿಬ್ಬರಿಗೆ ಹುಡುಗಿಯ ವಿಷಯ ಬಿಟ್ಟು ಬೇರೆ ಜಗಳ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಹುಡುಕಿ. ಹುಡುಗಿ ಹುಟ್ಟುವುದಕ್ಕೂ ಮುಂಚಿನ ಜಗಳ ಆಗಿರಬೇಕು. ಅಪ್ಪ ಯಾರನ್ನು ಜಾಸ್ತಿ ಹಚ್ಚಿಕೊಂಡಿದ್ದ, ಯಾರ ತಪ್ಪಿಗೆ ಯಾರು ಪೆಟ್ಟು ತಿಂದರು, ಅಮ್ಮ ಸಾಯುವಾಗ ಪಕ್ಕದಲ್ಲಿ ಇದ್ದವರು ಯಾರು. ದೊಡ್ಡ ವಿಷಯವೇ ಆಗಬೇಕಿಲ್ಲ. ಇಬ್ಬರಿಗೂ ನೆನಪಿರುವ, ಇಬ್ಬರೂ ಬೇರೆ ಬೇರೆ ಥರ ನೆನಪಿಟ್ಟುಕೊಂಡಿರುವ ಒಂದು ದಿನ ಸಾಕು. ಅದು ಸಿಕ್ಕಿದರೆ "ಅವಳಿಂದ ದೂರ ಇರು" ಅನ್ನುವ ಮಾತಿನ ಕೆಳಗೂ ಅದೇ ಹರಿಯುತ್ತದೆ.

ಮೂರುಸಂಜೆ:

ಜೊತೆಗೆ, ಇಬ್ಬರೂ ಒಟ್ಟಿಗೆ ಏನಾದರೂ ಕೆಲಸ ಮಾಡುವ ಒಂದು ದೃಶ್ಯ ಬರೆಯಿರಿ. ಹೆಣ ಹೂಳುವುದೋ, ಮುರಿದ ಬಾಗಿಲು ಸರಿ ಮಾಡುವುದೋ, ಏನಾದರೂ. ಅಣ್ಣ ಕೈ ಚಾಚಿದರೆ ಏನು ಬೇಕು ಅಂತ ಕೇಳದೆ ತಮ್ಮ ಎತ್ತಿಕೊಡುತ್ತಾನೆ. ನೂರಾರು ವರ್ಷದ ಹಗೆಯ ಅಡಿಯಲ್ಲಿ ಆ ಅಭ್ಯಾಸ ಇನ್ನೂ ಉಳಿದಿದೆ ಅಂತ ಓದುವವರಿಗೆ ಒಮ್ಮೆ ಕಂಡರೆ, ಮುಂದೆ ಅವರು ಹೊಡೆದಾಡುವಾಗ ನೋವು ತಟ್ಟುತ್ತದೆ.

ಪುಟಮಡಚಿ:

ನನ್ನದೊಂದು ಕೋರಿಕೆ. ಆ ಹುಡುಗಿಗೆ ಅವರಿಬ್ಬರು ಬರುವ ಮುಂಚೆಯೂ ಒಂದು ಬದುಕು ಇರಲಿ. ಗೆಳತಿಯರು, ಸಿಟ್ಟು, ಓದು, ಮನೆಯ ತಲೆನೋವು. ಬೇಡ ಅಂತ ಹೇಳಿದಾಗ ಬೇಡ ಅಂತಲೇ ಕೇಳಿಸಿಕೊಳ್ಳುವ ಒಬ್ಬರಾದರೂ ಕಥೆಯಲ್ಲಿ ಇರಲಿ. ‘ಡೈರೀಸ್’ನಲ್ಲಿ ಆ ಕೆಲಸ ಮಾಡುವವನು ಮ್ಯಾಟ್. ಎಲೀನಾ ಸಂಬಂಧ ಮುರಿದ ಮೇಲೂ ಅವಳ ಸ್ನೇಹಿತನಾಗಿ ಉಳಿಯುತ್ತಾನೆ, ಸ್ಟೀಫನ್ ಪರವಾಗಿಯೂ ನಿಲ್ಲುತ್ತಾನೆ. ಅವನ ಬಗ್ಗೆ ಯಾರೂ ಮಾತೇ ಆಡುವುದಿಲ್ಲ, ಪಾಪ.

ಹೊಸಪೆನ್ನು:

ಮೂವರಿಗೂ ಥ್ಯಾಂಕ್ಸ್. ಅಮ್ಮನ ವಿಷಯ ಓದುತ್ತಿದ್ದ ಹಾಗೇ ಒಂದು ದೃಶ್ಯ ಹೊಳೆಯಿತು. ಬರೆದು ತರುತ್ತೇನೆ.

ಸಂಜೆಮಲ್ಲಿಗೆ:

ಈಗ ನನಗೆ ಪುಸ್ತಕ ಓದಲೇಬೇಕು ಅನಿಸಿದೆ. ಆದರೆ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ, ಅಷ್ಟೊಂದು ಇವೆ. ಎಲ್ಲವನ್ನೂ ಬರೆದದ್ದು ಒಬ್ಬರೇನಾ? ಎಲ್ಲಿಯವರೆಗೆ ಓದಬೇಕು?

ಹಳೇಬೈಂಡು:

ಒಬ್ಬರೇ ಅಲ್ಲ. ಆ ಕಥೆ ಕೇಳಿದರೆ ಬೇಜಾರಾಗುತ್ತದೆ.

ಈ ಸರಣಿಯನ್ನು ಸ್ಮಿತ್ ಅವರಿಂದ ಒಂದು ಪುಸ್ತಕ ತಯಾರಿಕೆಯ ಕಂಪನಿ ಒಪ್ಪಂದದ ಮೇಲೆ ಬರೆಸಿತು. ಬರೆದವರು ಅವರು, ಹಕ್ಕು ಕಂಪನಿಯದ್ದು. ಮೊದಲು ಮೂರು ಪುಸ್ತಕ: ‘ದಿ ಅವೇಕನಿಂಗ್’, ‘ದಿ ಸ್ಟ್ರಗಲ್’, ‘ದಿ ಫ್ಯೂರಿ’. ಆಮೇಲೆ ನಾಲ್ಕನೆಯದು ‘ಡಾರ್ಕ್ ರಿಯೂನಿಯನ್’, ಅದರಲ್ಲಿ ಬಾನಿಯೇ ಮುಖ್ಯ. ಅಲ್ಲಿಂದ ಬಹಳ ವರ್ಷ ಸರಣಿ ನಿಂತಿತ್ತು. 2009ರಿಂದ 2011ರ ನಡುವೆ ‘ದಿ ರಿಟರ್ನ್’ ಹೆಸರಲ್ಲಿ ಅವರು ಇನ್ನೂ ಮೂರು ಬರೆದರು. 2011ರಲ್ಲಿ ಅವರನ್ನೇ ಸರಣಿಯಿಂದ ಕೈಬಿಟ್ಟರು. ಮುಂದಿನವು ಬೇರೆಯವರ ಕೈಯಿಂದ ಬಂದವು, ರಕ್ಷಾಪುಟದ ಮೇಲೆ ಮಾತ್ರ ಇವರ ಹೆಸರು.

ಅಮೆಜಾನ್ 2013ರಲ್ಲಿ ಕಿಂಡಲ್ ವರ್ಲ್ಡ್ಸ್ ಅಂತ ಒಂದು ಜಾಗ ತೆರೆಯಿತು. ಅಭಿಮಾನಿಗಳು ಕೆಲವು ಸರಣಿಗಳ ಪಾತ್ರ ಇಟ್ಟುಕೊಂಡು ಕಥೆ ಬರೆದು ಅನುಮತಿಯೊಂದಿಗೇ ಮಾರಬಹುದಿತ್ತು. ‘ದಿ ವ್ಯಾಂಪೈರ್ ಡೈರೀಸ್’ ಕೂಡ ಅದರಲ್ಲಿತ್ತು. 2014ರಲ್ಲಿ ಸ್ಮಿತ್ ಅಲ್ಲಿಗೇ ಹೋಗಿ, ತಾನು ಅಂದುಕೊಂಡಿದ್ದ ಮುಂದಿನ ಕಥೆಯನ್ನು ಅಭಿಮಾನಿಗಳ ಸಾಲಿನಲ್ಲಿ ನಿಂತು ಪ್ರಕಟಿಸಿದರು. ತಾನೇ ಸೃಷ್ಟಿಸಿದ ಸ್ಟೀಫನ್, ಡೇಮನ್, ಎಲೀನಾ! ಅವರು 2025ರಲ್ಲಿ ತೀರಿಕೊಂಡರು. ಅವರ ಬಗ್ಗೆ ಯೋಚಿಸಿದಾಗಲೆಲ್ಲ ಈ ವಿಷಯ ನನ್ನನ್ನು ಕಾಡುತ್ತದೆ.

ನನ್ನ ಸಲಹೆ: ಮೊದಲ ನಾಲ್ಕು ಓದಿ.

ಪುಟಮಡಚಿ:

ನಾನಾದರೆ ಮೂರಕ್ಕೆ ನಿಲ್ಲಿಸಿ ಅನ್ನುತ್ತೇನೆ. ‘ದಿ ಫ್ಯೂರಿ’ಯ ಕೊನೆಯಲ್ಲಿ ಎಲೀನಾ ಸಾಯುತ್ತಾಳೆ. ನಿಜವಾಗಿ ಸಾಯುತ್ತಾಳೆ. ಕ್ಯಾಥರೀನ್ ಸತ್ತಿರಲೇ ಇಲ್ಲ, ಊರನ್ನು ಕಾಡುತ್ತಿದ್ದ ಶಕ್ತಿ ಅವಳೇ ಅಂತ ಅಲ್ಲಿ ಗೊತ್ತಾಗುತ್ತದೆ. ಅಷ್ಟರಲ್ಲಿ ಎಲೀನಾ ಕೂಡ ವ್ಯಾಂಪೈರ್ ಆಗಿರುತ್ತಾಳೆ. ಅಣ್ಣತಮ್ಮಂದಿರನ್ನು ಉಳಿಸಲು ಅವಳು ಕ್ಯಾಥರೀನಳನ್ನು ಬಿಸಿಲಿಗೆ ಎಳೆದು ತಾನೂ ಬಿಸಿಲಿಗೆ ಬೀಳುತ್ತಾಳೆ. ನಾಲ್ಕನೆಯದರಲ್ಲಿ ಅವಳನ್ನು ಮತ್ತೆ ಬದುಕಿಸಿ ತರುತ್ತಾರೆ. ಖುಷಿ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅವಳು ತೆತ್ತ ಬೆಲೆ ಹಗುರವಾಗಿಬಿಡುತ್ತದೆ.

ನೀಲಿಕಲ್ಲು:

ಸಂಜೆಮಲ್ಲಿಗೆ, ಮೂರು ಓದಿ. ಆಮೇಲೆ ಸ್ವಲ್ಪ ದಿನ ಬಿಟ್ಟು ನಾಲ್ಕನೆಯದನ್ನು ಬಾನಿಯ ಕಥೆ ಅಂತ ಓದಿ, ಚೆನ್ನಾಗಿದೆ.

ಪುಟಮಡಚಿ ಹೇಳಿದ ಆ ಸಾವಿನ ಹೊತ್ತಿಗೆ ಎಲೀನಾ ಇಬ್ಬರಿಂದ ಒಂದು ಮಾತು ತೆಗೆದುಕೊಳ್ಳುತ್ತಾಳೆ. ಒಬ್ಬರನ್ನೊಬ್ಬರು ನೋಡಿಕೊಳ್ಳಿ ಅನ್ನುತ್ತಾಳೆ. ಕ್ಯಾಥರೀನ್ ಬಯಸಿದ್ದೂ ಅದನ್ನೇ, ಆದರೆ ಅವಳು ಸತ್ತಂತೆ ಮಾಡಿ ಓಡಿಹೋದಳು, ಇವರ ಎದುರು ನಿಂತು ಕೇಳಲಿಲ್ಲ. ಎಲೀನಾ ಎದುರಿಗೇ ಇದ್ದು ಕೇಳುತ್ತಾಳೆ. ಹಾಗಾಗಿ ಪುಟಮಡಚಿ, ನಿಮ್ಮ ಮಾತೂ ನನ್ನ ಮಾತೂ ಅಲ್ಲಿ ಸೇರುತ್ತವೆ ಅಂತ ನನಗೆ ಕಾಣುತ್ತದೆ. ಅಣ್ಣತಮ್ಮಂದಿರ ಹಗೆಯನ್ನು ಬಿಡಿಸುವುದು ಬೆಳೆದು ನಿಂತ ಆ ಹುಡುಗಿಗೆ ಮಾತ್ರ ಆಗುವ ಕೆಲಸವಾಗಿತ್ತು. ಆಣೆ ಮಾಡಿದ ದಿನದ ಎಲೀನಾಗೆ ಅದು ಆಗುತ್ತಿರಲಿಲ್ಲ.

ಪುಟಮಡಚಿ:

ಇದನ್ನು ಒಪ್ಪುತ್ತೇನೆ. ಆದರೂ ಅದು ಎಲೀನಾಳ ಕಥೆಯೇ.

ಸಂಜೆಮಲ್ಲಿಗೆ:

ಮೊದಲನೆಯದನ್ನು ಇವತ್ತೇ ಶುರು ಮಾಡುತ್ತಿದ್ದೇನೆ. ಸ್ಮಶಾನದ ಆಣೆಯವರೆಗೆ ಓದಿ ಬಂದು ಬರೆಯುತ್ತೇನೆ.